ಹೊಲಿಗೆ ಹಾಕಿದ ಬಾಣಂತಿಗೆ ಲಕ್ಕಿ ಸೊಪ್ಪಿನ ನೀರು

"ಸಿಸ್ಟರ್, ನೀರು ಹಾಕೋದು ಯಾವತ್ತಿಂದ?"

ಹೆರಿಗೆ ವಾರ್ಡಿನಿಂದ ಮನೆಗೆ ಹೊರಟ ಬಾಣಂತಿಯ ಅಮ್ಮನೋ ಅತ್ತೆಯೋ ನನ್ನನ್ನು ಬಾಗಿಲ ಮರೆಗೆ ಕರೆದು ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ಡಿಸ್‌ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರು ಇರುತ್ತಿತ್ತು, ಹೊಲಿಗೆ ತೋರಿಸಲು ಬರಬೇಕಾದ ತಾರೀಖು ಇರುತ್ತಿತ್ತು. ನೀರಿನ ಮಾತು ಇರುತ್ತಿರಲಿಲ್ಲ. ಆದರೆ ಮನೆಯಲ್ಲಿ ಆಗಲೇ ಹಂಡೆ ತೊಳೆದಿಟ್ಟಾಗಿತ್ತು, ಬೇಲಿಯಿಂದ ಲಕ್ಕಿ ಸೊಪ್ಪು ಬಂದಾಗಿತ್ತು, ಲೇಹ್ಯಕ್ಕೆ ಶುಂಠಿ, ಹಿಪ್ಪಲಿ, ಜೀರಿಗೆ ಹುರಿದಾಗಿತ್ತು. ನಾವು ಹೇಳಲಿ ಬಿಡಲಿ, ಆ ಹೆಣ್ಣುಮಗಳ ಮುಂದಿನ ಚಿಕಿತ್ಸೆ ನಡೆಯುವುದು ಆ ಬಚ್ಚಲಿನಲ್ಲೇ.

ಮಲೆನಾಡಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಕೆಲಸದ ಬಹುಪಾಲು ಹೆರಿಗೆ ವಾರ್ಡಿನಲ್ಲೇ ಕಳೆಯಿತು. ನಿವೃತ್ತಿಯಾದ ಮೇಲೂ ಊರಿನಲ್ಲಿ ಯಾರದಾದರೂ ಮನೆಯಲ್ಲಿ ಬಾಣಂತನ ಎಂದರೆ ಒಮ್ಮೆ ಹೋಗಿ ನೋಡಿ ಬರುತ್ತೇನೆ. ನಾಟಿ ಮದ್ದೆಂದರೆ ಮೂಗು ಮುರಿಯುವ ವೈದ್ಯರನ್ನೂ ಕಂಡಿದ್ದೇನೆ, ಆಸ್ಪತ್ರೆಯ ಮಾತ್ರೆಯನ್ನು ಜಗಲಿಯಾಚೆ ಎಸೆಯುವ ಅಜ್ಜಿಯರನ್ನೂ ಕಂಡಿದ್ದೇನೆ. ಇಬ್ಬರ ನಡುವೆ ನಿಂತು ನನಗೆ ಮನದಟ್ಟಾದ ಸಂಗತಿ ಒಂದು. ನಮ್ಮ ಬಾಣಂತನದ ಮದ್ದುಗಳು ಹುಟ್ಟಿದ್ದು ಹೊಲಿಗೆಯೇ ಇಲ್ಲದ ಕಾಲದಲ್ಲಿ. ಮನೆಯಲ್ಲೇ ಹೆರಿಗೆ, ಹರಿದರೆ ತಾನಾಗಿ ಕೂಡಿಕೊಳ್ಳಬೇಕು, ಕೂಡದಿದ್ದರೆ ಜೀವಮಾನವಿಡೀ ಹಾಗೇ. ಈಗಿನ ಬಾಣಂತಿಯ ಮೈ ಬೇರೆ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ, ಅದರಲ್ಲಿ 31ಕ್ಕಿಂತ ಹೆಚ್ಚು ಸಿಸೇರಿಯನ್. ಉಳಿದವರಲ್ಲೂ, ಅದರಲ್ಲೂ ಚೊಚ್ಚಲಿನವರಲ್ಲಿ, ಬಹಳ ಮಂದಿಗೆ ಕೆಳಗೆ ಹೊಲಿಗೆ ಬಿದ್ದಿರುತ್ತದೆ. ಹೊಟ್ಟೆಯ ಮೇಲೋ ಕೆಳಗೋ ದಾರ ಇರುವ ಮೈಗೆ ದಾರವೇ ಇಲ್ಲದ ಕಾಲದ ಮದ್ದನ್ನು ಹಾಗೆಯೇ ಹಚ್ಚಿದರೆ ಆಗುವುದಿಲ್ಲ. ಯಾವುದು ಮೈಗೆ, ಯಾವುದು ಬಾಯಿಗೆ, ಯಾವುದು ಗಾಯದ ಹತ್ತಿರವೂ ಸುಳಿಯಬಾರದು ಎಂದು ಬೇರೆಬೇರೆ ಮಾಡಿಕೊಳ್ಳಬೇಕು.

ಮೊದಲು ಗಾಯ ಎಂಥದ್ದು ಎಂದು ತಿಳಿಯಬೇಕು. ಮಗುವಿನ ತಲೆ ಹೊರಬರುವಾಗ ಯೋನಿಗೂ ಗುದಕ್ಕೂ ನಡುವಿನ ಜಾಗ ಹಿಗ್ಗುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಚರ್ಮ ಮಾತ್ರ ಹರಿದರೆ ಮೊದಲನೆಯ ದರ್ಜೆ, ಒಳಗಿನ ಸ್ನಾಯುವೂ ಹರಿದರೆ ಎರಡನೆಯದು. ಮೂರನೆಯ, ನಾಲ್ಕನೆಯ ದರ್ಜೆಯ ಸೀಳು ಗುದದ ಸ್ನಾಯುವಿನವರೆಗೂ ಅದರಾಚೆಗೂ ಹೋಗುತ್ತದೆ. ಕೆಲವರಿಗೆ ವೈದ್ಯರೇ ಕತ್ತರಿಯಿಂದ ಸ್ವಲ್ಪ ಕೊಯ್ದು ದಾರಿ ಮಾಡಿರುತ್ತಾರೆ. ಹೊಲಿಯುವುದು ಮೈಯಲ್ಲೇ ಕರಗುವ ದಾರದಿಂದ. ಮೊದಲ ಎರಡು ಮೂರು ದಿನ ಊತ, ಉರಿ, ಕೂರಲಾಗದ ನೋವು. ಎರಡು ವಾರದ ಹೊತ್ತಿಗೆ ಚರ್ಮ ಕೂಡಿರುತ್ತದೆ, ಒಳಗಿನ ದಾರ ಕರಗಲು ಇನ್ನೂ ಕೆಲವು ವಾರ ಬೇಕು. ಬಟ್ಟೆಯಲ್ಲಿ ದಾರದ ತುಣುಕು ಕಂಡು "ಹೊಲಿಗೆ ಬಿಚ್ಚಿಹೋಯ್ತು" ಎಂದು ಅತ್ತವರನ್ನು ಸಮಾಧಾನ ಮಾಡುವುದೇ ನಮಗೆ ಅರ್ಧ ಕೆಲಸವಾಗಿತ್ತು. ಗಾಯ ಬಾಯಿಬಿಡದೆ ಕೂಡಿಕೊಂಡಿದ್ದರೆ ದಾರ ಉದುರಿದ್ದಕ್ಕೆ ಹೆದರಬೇಕಿಲ್ಲ.

ಈಗ ಲಕ್ಕಿಗೆ ಬರುತ್ತೇನೆ, ಅದು ನನಗೆ ಪ್ರೀತಿಯ ಗಿಡ. ತೋಟದ ಬೇಲಿಯಲ್ಲಿ, ಹಳ್ಳದ ಅಂಚಿನಲ್ಲಿ ತಾನಾಗಿ ಬೆಳೆಯುತ್ತದೆ. ಕರಾವಳಿಯಲ್ಲಿ ಇದನ್ನೇ ನೆಕ್ಕಿ ಎನ್ನುತ್ತಾರೆ. ಒಂದು ತೊಟ್ಟಿಗೆ ಮೂರೋ ಐದೋ ನೀಳ ಎಲೆ, ಮೇಲೆ ಹಸಿರು, ಅಡಿಯಲ್ಲಿ ಬೂದು ಬಿಳುಪು. ಅಂಗೈಯಲ್ಲಿ ಹೊಸಕಿದರೆ ಮೂಗು ಬಿಚ್ಚಿಸುವ ಘಾಟು. ನನ್ನ ಅಮ್ಮಮ್ಮ ಗೆಲ್ಲುಗಳನ್ನು ಬಾಳೆನಾರಿನಲ್ಲಿ ಕಟ್ಟಿ ಸಂಜೆಯೇ ಹಂಡೆಗೆ ಇಳಿಬಿಡುತ್ತಿದ್ದರು. ಜೊತೆಗೆ ಹುಣಸೆ ಚಿಗುರು, ಹರಳೆಲೆ, ಕೆಲವೊಮ್ಮೆ ಆಡುಸೋಗೆ. ಬೆಳಿಗ್ಗೆ ಒಲೆ ಹಚ್ಚಿದರೆ ನೀರು ನಸುಗಂದು ಹಸಿರಿಗೆ ತಿರುಗಿ ಬಚ್ಚಲೆಲ್ಲ ಆ ವಾಸನೆ ತುಂಬುತ್ತಿತ್ತು. ಮೈಗೆ ಎಣ್ಣೆ ತಿಕ್ಕಿ, ಮಣೆಯ ಮೇಲೆ ಕೂರಿಸಿ, ಬೆನ್ನಿಗೆ, ಸೊಂಟಕ್ಕೆ, ತೊಡೆಗೆ ಚೆಂಬು ಚೆಂಬಾಗಿ ಹೊಯ್ಯುವುದು. ಆಮೇಲೆ ಹೊದೆಸಿ ಮಲಗಿಸಿದರೆ ಬಾಣಂತಿಗೆ ಬೆವರು ಕಿತ್ತು ಬರುವ ನಿದ್ದೆ.

ಲಕ್ಕಿ ಎಲೆಯ ಸಾರಕ್ಕೆ ನೋವು, ಊತ ತಗ್ಗಿಸುವ ಗುಣ ಇರುವುದು ಪ್ರಯೋಗಾಲಯದಲ್ಲಿ ಇಲಿಗಳ ಮೇಲೆ ಕಂಡುಬಂದಿದೆ. ಇಲಿಗೆ ಕುಡಿಸಿದ ಸಾರಕ್ಕೂ ಮೈಮೇಲೆ ಹರಿದುಹೋಗುವ ನೀರಿಗೂ ವ್ಯತ್ಯಾಸವಿದೆ, ಅದನ್ನು ಮರೆಯಬಾರದು. ಆದರೂ ಗಂಟೆಗಟ್ಟಲೆ ಬೇನೆ ತಿಂದ ಸೊಂಟ, ಮುಕ್ಕಿ ಮುಕ್ಕಿ ಸೋತ ತೊಡೆ, ಹಾಲೂಡಿಸಲು ಬಗ್ಗಿ ಬಗ್ಗಿ ಹಿಡಿದುಕೊಂಡ ಹೆಗಲು, ಇವುಗಳಿಗೆ ಬಿಸಿನೀರಿನ ಕಾವು ಕೊಡುವ ಹಾಯನ್ನು ಯಾವ ಮುಲಾಮೂ ಕೊಡದು. ಮೈನೋವಿಗೆ ಲಕ್ಕಿ ನೀರು ಹಾಕಿ, ಅಡ್ಡಿಯಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಎಲ್ಲಿ ಹಾಕಬಾರದು ಎನ್ನುವುದೇ ಮುಖ್ಯ. ಕುದಿವ ನೀರನ್ನು ಹೊಟ್ಟೆಗೆ, ಕೆಳಗೆ ಬೀಸಿ ಹೊಡೆಯುವ ಪದ್ಧತಿ ಇದೆ, "ಹೊಟ್ಟೆ ಇಳೀಬೇಕಲ್ಲ" ಎಂದು. ಹಸಿ ಹೊಲಿಗೆಗೆ ಆ ಹೊಡೆತ ಬಿದ್ದರೆ ಊತ ಹೆಚ್ಚುತ್ತದೆ, ಚರ್ಮ ಬೇಯುತ್ತದೆ, ಕೂಡುತ್ತಿರುವ ಅಂಚು ಮೆತ್ತಗಾಗಿ ಬಿಡುತ್ತದೆ. ಸಿಸೇರಿಯನ್ ಆದವರ ಹೊಟ್ಟೆಗಂತೂ ಬೇಡವೇ ಬೇಡ. ಅಲ್ಲಿ ಚರ್ಮದ ಕೆಳಗೆ ಇನ್ನೂ ಹಲವು ಪದರಗಳಲ್ಲಿ ಗಾಯವಿದೆ, ಗರ್ಭಕೋಶದ ಗೋಡೆಯಲ್ಲೂ ಇದೆ. ಅವರ ಸ್ನಾನ ಯಾವತ್ತು, ಹೇಗೆ ಎನ್ನುವುದನ್ನು ಗಾಯ ನೋಡಿದ ವೈದ್ಯರೇ ಹೇಳಬೇಕು.

ಹಿರಿಯರು ಒಪ್ಪಲು ತುಂಬ ಕಷ್ಟಪಡುವ ಮಾತೊಂದಿದೆ. ಕೆಳಗಿನ ಹೊಲಿಗೆಗೆ ಮೊದಲ ದಿನ ಬೇಕಾದ್ದು ಬಿಸಿ ಅಲ್ಲ, ತಂಪು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಬಾಣಂತಿ ಆರೈಕೆಯ ಸಲಹೆಗಳಲ್ಲಿ, ಹೆರಿಗೆಯಾದ ಕೂಡಲೇ ಆ ಜಾಗಕ್ಕೆ ಐಸ್ ಪ್ಯಾಕ್ ಅಥವಾ ತಣ್ಣನೆಯ ಪ್ಯಾಡ್ ಇಡಬಹುದು ಎಂದಿದೆ, ನೋವಿಗೆ ಮೊದಲ ಮಾತ್ರೆಯಾಗಿ ಪ್ಯಾರಾಸಿಟಮಾಲ್ ಎಂದಿದೆ. ನಾನು ಒಗೆದ ಹತ್ತಿ ಬಟ್ಟೆಯಲ್ಲಿ ಐಸ್ ಸುತ್ತಿ ಹತ್ತು ನಿಮಿಷ ಇಡುತ್ತಿದ್ದರೆ, "ಶೀತ ಆಗತ್ತೆ ಸಿಸ್ಟರ್, ನಂಜಾಗತ್ತೆ" ಎಂದು ಅತ್ತೆಯರು ಹಾಸಿಗೆಯ ಪಕ್ಕ ಬಂದು ನಿಲ್ಲುತ್ತಿದ್ದರು. ಊತ ಇಳಿದು ಸೊಸೆ ಎದ್ದು ಕೂತಳೆಂದರೆ ಅವರ ಮುಖದ ಬಿಗುವೂ ಸಡಿಲುತ್ತಿತ್ತು. ಒಂದು ದಿನ ಕಳೆದ ಮೇಲೆ ಉಗುರು ಬೆಚ್ಚಗಿನ ನೀರು ತುಂಬಿದ ಅಗಲ ಟಬ್ಬಿನಲ್ಲಿ ಹತ್ತು ಹದಿನೈದು ನಿಮಿಷ ಕೂರುವುದು ಹಿತ. ಕಕ್ಕಸಿಗೆ ಹೋದಾಗಲೆಲ್ಲ ಬೆಚ್ಚನೆ ನೀರಿನಲ್ಲಿ ಮುಂದಿನಿಂದ ಹಿಂದಕ್ಕೆ ತೊಳೆದು, ಉಜ್ಜದೆ, ಬಿಸಿಲಲ್ಲಿ ಒಣಗಿದ ಬಟ್ಟೆಯಿಂದ ಒತ್ತಿ ಒರೆಸಿಕೊಳ್ಳಬೇಕು. ಗಾಯ ಮಾಯಲು ಇದಕ್ಕಿಂತ ದೊಡ್ಡ ಮದ್ದು ನಾನು ಕಂಡಿಲ್ಲ.

ಟಬ್ಬಿನ ನೀರಿಗೆ ಏನಾದರೂ ಬೆರೆಸಬಹುದೇ? ಆಯುರ್ವೇದ ಆಸ್ಪತ್ರೆಗಳಲ್ಲಿ ಹೊಲಿಗೆ ಹಾಕಿದ ಬಾಣಂತಿಗೆ ಪಂಚವಲ್ಕಲದ ಕಷಾಯದಲ್ಲಿ ತೊಳೆಯುವುದುಂಟು. ಆಲ, ಅರಳಿ, ಅತ್ತಿ, ಬಸರಿ, ಹೂವರಸಿ ಈ ಐದು ಮರಗಳ ತೊಗಟೆ. ತೊಗಟೆಯ ಒಗರು ಎಂದರೆ ಟ್ಯಾನಿನ್. ಅದು ಗಾಯದ ಮೇಲ್ಮೈಯ ಪ್ರೋಟೀನಿನ ಜೊತೆ ಸೇರಿ ಪದರವನ್ನು ಬಿಗಿಮಾಡುತ್ತದೆ, ಒಸರುವುದನ್ನು ತಗ್ಗಿಸುತ್ತದೆ. ಕೆಲಸ ಮಾಡುವ ಬಗೆಯಲ್ಲಿ ತರ್ಕವಿದೆ. ತ್ರಿಫಲದ ನೀರಿಗೂ ಅದೇ ಮಾತು. ಆದರೆ ವೈದ್ಯರು ಕೊಟ್ಟ ಶುದ್ಧ ಚೂರ್ಣವನ್ನು ಚೆನ್ನಾಗಿ ಕುದಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ, ಆರಿಸಿ ಬಳಸುವುದು ಬೇರೆ. ದನ ಕಟ್ಟುವ ಮರದ ತೊಗಟೆಯನ್ನು ಕೆತ್ತಿ ತಂದು ನೆನೆಹಾಕಿ ಆ ನೀರನ್ನು ಹೊಲಿಗೆಗೆ ಸುರಿಯುವುದು ಬೇರೆ. ಎರಡನೆಯದನ್ನು ನೋಡಿದ್ದೇನೆ, ಅದರ ಕೀವನ್ನು ತೊಳೆದಿದ್ದೇನೆ.

ಅರಿಶಿನದ ವಿಷಯ ಸ್ವಲ್ಪ ಉದ್ದ ಹೇಳಬೇಕು, ಎಲ್ಲರ ಕೈಯೂ ಮೊದಲು ಹೋಗುವುದು ಅದರ ಡಬ್ಬಿಗೆ. 1995ರಲ್ಲಿ ಅಮೆರಿಕದ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ, ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನದ ಮೇಲೆ ಪೇಟೆಂಟ್ ಸಿಕ್ಕಿತು. ರಘುನಾಥ ಮಾಶೇಲ್ಕರ್ ಮುಂದಾಳುತನದಲ್ಲಿದ್ದ ನಮ್ಮ ಸಿಎಸ್‌ಐಆರ್ ಸಂಸ್ಥೆ ಅದನ್ನು ಪ್ರಶ್ನಿಸಿತು. ಸಂಸ್ಕೃತ ಗ್ರಂಥಗಳನ್ನೂ, ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಲೇಖನವನ್ನೂ ಮುಂದಿಟ್ಟು, ಇದು ನಮ್ಮ ಮನೆಮನೆಯ ತಿಳಿವಳಿಕೆ ಎಂದು ತೋರಿಸಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಆ ಸುದ್ದಿ ಓದಿ ವಾರ್ಡಿನಲ್ಲಿ ನಾವೆಲ್ಲ ಹಿಗ್ಗಿದೆವು. ಆದರೆ ಅಲ್ಲಿ ಸಾಬೀತಾದದ್ದು ಅರಿಶಿನದ ಬಳಕೆ ಹಳೆಯದು ಎನ್ನುವುದು. ಅಡುಗೆಮನೆಯ ಡಬ್ಬಿಯ ಪುಡಿಯನ್ನು ಹಸಿ ಹೊಲಿಗೆಯ ಮೇಲೆ ಉದುರಿಸಬಹುದು ಎಂದು ಯಾರೂ ಸಾಬೀತು ಮಾಡಲಿಲ್ಲ.

ಅರಿಶಿನದಲ್ಲಿರುವ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣ ಇದೆ. ಇರಾನಿನ ಸಂಶೋಧಕರು ಅರಿಶಿನದ ಮುಲಾಮು, ಲ್ಯಾವೆಂಡರ್ ಎಣ್ಣೆಗಳನ್ನು ಹೆರಿಗೆ ಹೊಲಿಗೆಗೇ ಹಚ್ಚಿ ಪರೀಕ್ಷಿಸಿದ್ದಾರೆ, ಕೆಲವರಲ್ಲಿ ಗಾಯ ಬೇಗ ಕೂಡಿದೆ. ಆ ಪರೀಕ್ಷೆಗಳು ಚಿಕ್ಕವು. ಇಂಗ್ಲೆಂಡಿನಲ್ಲಿ 1994ರಲ್ಲಿ 635 ಬಾಣಂತಿಯರ ಮೇಲೆ ಸ್ನಾನದ ನೀರಿಗೆ ಲ್ಯಾವೆಂಡರ್ ಎಣ್ಣೆ ಬೆರೆಸಿ ನೋಡಿದಾಗ, ಮೂರರಿಂದ ಐದನೆಯ ದಿನದ ನಡುವೆ ನೋವು ಕೊಂಚ ಕಡಿಮೆಯಿದ್ದಂತೆ ಕಂಡಿತೇ ಹೊರತು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಇಂಥ ಪರೀಕ್ಷೆಗಳು ನಮ್ಮಲ್ಲಿ, ನಮ್ಮ ಲಕ್ಕಿಗೆ, ನಮ್ಮ ಪಂಚವಲ್ಕಲಕ್ಕೆ ಇನ್ನೂ ದೊಡ್ಡದಾಗಿ ಆಗಬೇಕು ಎನ್ನುವುದು ನನ್ನ ಬಹುದಿನದ ಆಸೆ.

ಪರೀಕ್ಷೆಗೆ ಬಳಸುವ ಮುಲಾಮು ಶುದ್ಧವಾಗಿ ತಯಾರಾದದ್ದು. ಅಂಗಡಿಯ ಪುಡಿ ಮಣ್ಣಿನೊಳಗಿನ ಗೆಡ್ಡೆಯಿಂದ ಬಂದದ್ದು, ಹತ್ತು ಕೈ ದಾಟಿದ್ದು. ಬಣ್ಣ ಹೊಳೆಯಲೆಂದು ಸೀಸದ ಕ್ರೋಮೇಟ್ ಬೆರೆಸುವವರೂ ಇದ್ದಾರೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿ ಸಿಕ್ಕ ಸೀಸದ ಜಾಡು ಹಿಡಿದು ಹೋದ ವಿಜ್ಞಾನಿಗಳು ಬಂದು ಮುಟ್ಟಿದ್ದು ಅರಿಶಿನಕ್ಕೆ. 2019ರಲ್ಲಿ ಆ ವರದಿ ಬಂತು. ಸೀಸ ಎದೆಹಾಲಿನಲ್ಲೂ ಇಳಿಯುತ್ತದೆ. ಹಾಗಾಗಿ ಬಣ್ಣ ಹಚ್ಚದ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿ. ಸಾರಿಗೆ, ಹಾಲಿಗೆ ಹಾಕಿ, ಮೈಗೆ ಹಚ್ಚಿ ಮೀಯಿರಿ. ಹೊಲಿಗೆಗೆ ಬೇಡ. ಮಗುವಿನ ಹೊಕ್ಕುಳಿಗಂತೂ ಅರಿಶಿನವೂ ಬೇಡ, ಎಣ್ಣೆಯೂ ಬೇಡ, ಬೂದಿಯೂ ಬೇಡ. ಒಣಗಿಸಿ ಇಟ್ಟರೆ ಸಾಕು, ಬಳ್ಳಿ ತಾನೇ ಬೀಳುತ್ತದೆ.

ಗಾಯದ ನೋವಲ್ಲದೆ ಇನ್ನೊಂದು ನೋವಿದೆ. ಮಗು ಮೊಲೆಗೆ ಬಾಯಿ ಹಾಕಿದ ಕೂಡಲೇ ಹೊಟ್ಟೆ ಹಿಂಡಿದಂತೆ ಬರುವುದು. ಹಾಲೂಡುವಾಗ ಆಕ್ಸಿಟೋಸಿನ್ ಎಂಬ ಹಾರ್ಮೋನು ಒಸರುತ್ತದೆ, ಅದಕ್ಕೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಳ್ಳುತ್ತದೆ. ಹಾಗೆ ಬಿಗಿದರೇ ರಕ್ತ ನಿಲ್ಲುವುದು. ಹೆರಿಗೆಯಾದಾಗ ಸುಮಾರು ಒಂದು ಕಿಲೋ ತೂಗುವ ಗರ್ಭಕೋಶ ಆರು ವಾರದಲ್ಲಿ ನೂರು ಗ್ರಾಮಿಗೂ ಕಡಿಮೆಗೆ ಇಳಿಯುತ್ತದೆ. ಎರಡನೆಯ, ಮೂರನೆಯ ಹೆರಿಗೆಯಲ್ಲಿ ಈ ನೋವು ಜಾಸ್ತಿ. "ಮೊದಲನೇದಕ್ಕೆ ಹೀಗಿರಲಿಲ್ಲ, ಒಳಗೇನೋ ಉಳ್ಕೊಂಡಿದೆ" ಎಂದು ಹೆದರುವವರಿಗೆ ಇದನ್ನು ಬಿಡಿಸಿ ಹೇಳಬೇಕು.

ಈ ನೋವಿಗೆ ಬಾಣಂತಿ ಅಡುಗೆಯ ಮಸಾಲೆಗಳೇ ಮೊದಲ ಮದ್ದು. ಒಣಶುಂಠಿ, ಜೀರಿಗೆ, ಓಮ, ಬೆಳ್ಳುಳ್ಳಿ, ಸಬ್ಬಸಿಗೆ. ಗರ್ಭಕೋಶದ ಹಿಂಡುನೋವಿಗೆ ಕಾರಣವಾಗುವ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತುವನ್ನು ಶುಂಠಿ ತಗ್ಗಿಸುತ್ತದೆ. ಮುಟ್ಟಿನ ಹೊಟ್ಟೆನೋವಿಗೆ ಅದನ್ನು ನೋವಿನ ಮಾತ್ರೆಯ ಜೊತೆ ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ ಒಳ್ಳೆಯ ಫಲ ಸಿಕ್ಕಿದೆ. ನಮ್ಮ ಕಡೆ ಶುಂಠಿ, ಮೆಣಸಿನ ಸಾರು. ಧಾರವಾಡ, ವಿಜಯಪುರದ ಕಡೆ ಅಂಟಿನುಂಡಿ, ಅಳವಿ ಪಾಯಸ. ಅಳವಿ ಬೀಜದಲ್ಲಿ ಕಬ್ಬಿಣದ ಅಂಶ ಚೆನ್ನಾಗಿದೆ, ರಕ್ತ ಕಳೆದುಕೊಂಡ ಮೈಗೆ ಅದು ಬೇಕು. ಇಷ್ಟೆಲ್ಲ ತಿಂದೂ ನೋವು ತಡೆಯದಿದ್ದರೆ ವೈದ್ಯರು ಕೊಟ್ಟ ಮಾತ್ರೆ ನುಂಗಲು ಹಿಂಜರಿಯಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಎರಡೂ ಹೇಳಿದ ಪ್ರಮಾಣದಲ್ಲಿ ಹಾಲೂಡಿಸುವ ತಾಯಿಗೆ ಆಗುತ್ತವೆ. ನೋವು ಸಹಿಸಿ ಹಲ್ಲು ಕಚ್ಚಿದವಳಿಗೆ ಹಾಲೂ ಸರಿಯಾಗಿ ಇಳಿಯದು.

ದಶಮೂಲಾರಿಷ್ಟದ ಬಗ್ಗೆ ಒಂದು ಮಾತು. ಬಿಲ್ವ, ಶಿವನೆ, ಪಾದರಿ, ನೆಗ್ಗಿಲು, ನೆಲಗುಳ್ಳ ಮುಂತಾದ ಹತ್ತು ಬೇರುಗಳ ಅರಿಷ್ಟ ಅದು, ಬಾಣಂತಿಗೆಂದೇ ಹೆಸರಾದದ್ದು. ಅರಿಷ್ಟ ಹುದುಗಿ ಆಗುವುದರಿಂದ ಅದರಲ್ಲಿ ಮದ್ಯಸಾರ ಇರುತ್ತದೆ. ವೈದ್ಯರು ಹೇಳಿದ ಅಳತೆಗೆ ಕುಡಿಯಬೇಕು, ಬಾಟಲಿ ಬಗ್ಗಿಸಿ ಅಲ್ಲ. ಲೇಹ್ಯದಲ್ಲಿ ಬೆಲ್ಲ, ತುಪ್ಪ ಧಾರಾಳ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರು ಕೇಳಿಯೇ ತಿನ್ನಬೇಕು.

ಇನ್ನು ನಾನು ಪಟ್ಟುಹಿಡಿದು ಬಿಡಿಸುತ್ತಿದ್ದವು ಎರಡು. ಒಂದು, ಮಂಚದ ಕೆಳಗಿನ ಕೆಂಡ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ, ಎಳೆಗೂಸಿನ ಶ್ವಾಸಕ್ಕೆ ಅದು ವಿಷ. ಬೆಳ್ಳುಳ್ಳಿ ಸಿಪ್ಪೆ, ಓಮದ ಹೊಗೆಯನ್ನು ಹೊಲಿಗೆಗೆ ಹಿಡಿಯುವುದರಿಂದ ಗಾಯ ಒಣಗುವುದಕ್ಕಿಂತ ಸುಡುವುದೇ ಹೆಚ್ಚು. ಇನ್ನೊಂದು, ನೀರು ಕೊಡದಿರುವುದು. "ನೀರು ಕುಡಿದರೆ ಹೊಟ್ಟೆ ಬರತ್ತೆ" ಎಂಬ ಮಾತಿಗೆ ಎಷ್ಟು ಹೆಣ್ಣುಮಕ್ಕಳು ಬಾಯಾರಿ ಮಲಗಿದ್ದಾರೋ. ಹೆರಿಗೆಯಾದ ವಾರಗಳಲ್ಲಿ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ, ಮೈಯ ನೀರು ಆರಿದರೆ ಅಪಾಯ ಇನ್ನೂ ಹೆಚ್ಚು. ಬಾಣಂತಿಯರ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ನೋಡುತ್ತ, ಬರೆಯುತ್ತ ಬಂದಿದ್ದಾರೆ. ಹೊಲಿಗೆಗೂ ನೀರಿಗೂ ನೇರ ಸಂಬಂಧವಿದೆ. ನೀರಿಲ್ಲದೆ, ಸೊಪ್ಪು ತರಕಾರಿ ಇಲ್ಲದೆ ಬರೀ ಅನ್ನ, ತುಪ್ಪ, ಮೆಣಸಿನ ಸಾರು ತಿಂದವಳಿಗೆ ಮಲ ಕಟ್ಟುತ್ತದೆ. ಹೊಲಿಗೆಯ ಮೇಲೆ ಮುಕ್ಕುವ ಭಯಕ್ಕೆ ಆಕೆ ಇನ್ನಷ್ಟು ತಡೆಯುತ್ತಾಳೆ.

ಹಟ ಮಾಡಿ ಇದನ್ನು ಗೆಲ್ಲಲಾಗದು. ನಾನು ಹೇಳುತ್ತಿದ್ದದ್ದು ಹೀಗೆ: "ಅಮ್ಮಾ, ತಣ್ಣೀರು ಬೇಡ, ನೀವು ಹೇಳೋದು ಸರಿ. ಜೀರಿಗೆ ಹಾಕಿ ಕುದಿಸಿ, ಫ್ಲಾಸ್ಕಿಗೆ ತುಂಬಿ ಅವಳ ತಲೆದಿಂಬಿನ ಹತ್ತಿರ ಇಡಿ. ಮಗು ಹಾಲು ಕುಡಿದಾಗಲೆಲ್ಲ ಅವಳೂ ಒಂದು ಲೋಟ ಕುಡೀಲಿ." ಜೀರಿಗೆ ನೀರಿಗೆ ಯಾವ ಅತ್ತೆಯೂ ಬೇಡವೆಂದದ್ದಿಲ್ಲ. ಜೊತೆಗೆ ಹೆಸರುಬೇಳೆ, ಹೀರೆಕಾಯಿ, ಸಬ್ಬಸಿಗೆ ಸೊಪ್ಪು, ಒಂದೆಲಗದ ತಂಬುಳಿ. ಒಂದೆಲಗದಲ್ಲಿರುವ ಏಷಿಯಾಟಿಕೋಸೈಡ್ ಗಾಯದಲ್ಲಿ ಹೊಸ ಅಂಗಾಂಶ ಬೆಳೆಯಲು ನೆರವಾಗುತ್ತದೆ ಎಂದು ಅದರಿಂದ ಮುಲಾಮನ್ನೇ ಮಾಡಿದ್ದಾರೆ. ತಂಬುಳಿಯಿಂದ ಅಷ್ಟು ಸಿಗುತ್ತದೆಂದು ಹೇಳಲಾರೆ. ಬಾಯಿರುಚಿ ಕೆಟ್ಟ ಬಾಣಂತಿ ಎರಡು ತುತ್ತು ಹೆಚ್ಚು ಉಣ್ಣುತ್ತಾಳೆ, ಅದೇ ದೊಡ್ಡದು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮಂಥವರಿಗೆಲ್ಲ ಮನೆಯ ಹಿರಿಯರಿಗೇ ಸಿಕ್ಕಷ್ಟು ಸಂತೋಷವಾಯಿತು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಕೈ ಅದು. ಶಾಲೆಯ ಮುಖ ಕಾಣದಿದ್ದರೂ ಗರ್ಭಿಣಿಯರಿಗೆ ಗಿಡಮೂಲಿಕೆಯ ಮದ್ದು ಮಾಡಿಕೊಡುತ್ತಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ಕೈಗಳು ಮನೆಯಿಂದ ಹೋದ ಮೇಲೆ ಈಗ ಬಾಣಂತನದ ಮದ್ದು ಪೊಟ್ಟಣದಲ್ಲಿ ಬರುತ್ತದೆ, ಲೇಹ್ಯ ಆನ್‌ಲೈನಿನಲ್ಲಿ ಬರುತ್ತದೆ. ಎಣ್ಣೆ ತಿಕ್ಕಿ, ನೀರು ಹೊಯ್ದು, ಮಗುವನ್ನು ಎತ್ತಿಕೊಂಡು "ನೀನು ಮಲಗು" ಎನ್ನುವ ಜನ ಬರುವುದಿಲ್ಲ. ಹದಿನೈದನೇ ದಿನಕ್ಕೆ ಕೊಡ ಹೊತ್ತ ಬಾಣಂತಿಯ ಹೊಲಿಗೆಗೆ ಯಾವ ಬೇರೂ, ಯಾವ ಮುಲಾಮೂ ಸಾಲದು. ಆಕೆಗೆ ಆರು ವಾರವಾದರೂ ಭಾರ ಎತ್ತದೆ ಇರಲು ಬಿಡಬೇಕು, ಇದನ್ನು ಗಂಡನಾದವನೂ ಕೇಳಿಸಿಕೊಳ್ಳಬೇಕು.

ಯಾವ ಮನೆಮದ್ದನ್ನೂ ನೆಚ್ಚಿ ಕೂರಬಾರದ ಹೊತ್ತು ಯಾವುದೆಂದೂ ತಿಳಿದಿರಲಿ. ಜ್ವರ 100.4 ಡಿಗ್ರಿ ದಾಟಿದರೆ, ಹೊಲಿಗೆ ಬಾಯಿಬಿಟ್ಟರೆ, ಕೀವು ಬಂದರೆ, ಸ್ರಾವಕ್ಕೆ ಕೆಟ್ಟ ವಾಸನೆ ಇದ್ದರೆ, ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ತಿ ನೆನೆದರೆ, ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ತಡೆಯಲಾರದ ತಲೆನೋವು, ಕಣ್ಣು ಮಂಜು, ಫಿಟ್ಸ್ ಬಂದರೆ ಕಷಾಯ ಕಾಯಿಸುತ್ತ ಕೂರಬೇಡಿ, 108ಕ್ಕೆ ಫೋನ್ ಮಾಡಿ. ಆಶಾ ಕಾರ್ಯಕರ್ತೆ 3, 7, 14, 21, 28, 42ನೆಯ ದಿನಗಳಲ್ಲಿ ಮನೆಗೆ ಬರಬೇಕೆಂಬ ನಿಯಮವಿದೆ. ಏಳನೆಯ ದಿನ ಬಂದಾಗ ಮಗುವನ್ನು ತೂಗಿ ಹಾಗೇ ಹೊರಡಲು ಬಿಡಬೇಡಿ. ಕೋಣೆಯ ಬಾಗಿಲು ಹಾಕಿ, ಬಾಣಂತಿಯನ್ನು ಮಗ್ಗುಲಾಗಿ ಮಲಗಿಸಿ, ಬೆಳಕು ಹಿಡಿದು ಹೊಲಿಗೆ ತೋರಿಸಿ. ನಾಚಿಕೆಯಿಂದ ಅವಳು ಬೇಡವೆಂದರೂ ಇನ್ನೊಮ್ಮೆ ಕೇಳಿ.